ತಣ್ಣನೆಯ ಕಾಫಿ ಮತ್ತು ಶೈತ್ಯದ ಒಡೆತನ: ಮನೆಯ ಪಾನೀಯವೊಂದರ ಚರಿತ್ರೆ

೧

ಕಾಫಿಯ ಡಿಕಾಕ್ಷನ್ನನ್ನು ಆರಿಸಿ, ಹಾಲು ಸಕ್ಕರೆಗಳೊಡನೆ ಮಂಜುಗಡ್ಡೆಯನ್ನು ಬೆರಸಿ ಕುಡಿಯುವ ವಾಡಿಕೆ ನಮ್ಮ ನಾಡಿನ ಮನೆಗಳಲ್ಲಿ ಬಹಳ ಹಳೆಯದಲ್ಲ. ಬೇಸಗೆಯ ಮಧ್ಯಾಹ್ನ ಮನೆಯ ಮಕ್ಕಳು ಅಡಿಗೆಮನೆಯನ್ನು ಹೊಕ್ಕು ಐದು ನಿಮಿಷಗಳಲ್ಲಿ ಅದನ್ನು ತಾವೇ ಸಿದ್ಧಪಡಿಸಿಕೊಳ್ಳುವುದನ್ನು ಇಂದು ಎಷ್ಟೋ ಕಡೆ ಕಾಣುತ್ತೇವೆ. ಅದೇ ಮನೆಯ ಹಿರಿಯರು ಅದನ್ನು ಮುಟ್ಟದೆ, ಹೊಗೆಯಾಡುವ ಲೋಟಕ್ಕಾಗಿ ಕಾದಿರುವುದನ್ನೂ ಕಾಣುತ್ತೇವೆ. ಒಂದೇ ಮನೆಯಲ್ಲಿ ಎರಡು ತಲೆಮಾರುಗಳ ನಡುವೆ ತಲೆದೋರಿರುವ ಈ ಭೇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವೊಂದುಂಟು: ಬಿಸಿ ಕಾಫಿಯ ಸವಿಯನ್ನರಿತಿದ್ದ ನಮ್ಮ ಜನ ತಣ್ಣನೆಯ ಕಾಫಿಯನ್ನು ಬೇಡವೆಂದು ಬಿಟ್ಟಿದ್ದರು, ಹೊರನಾಡುಗಳ ಅನುಕರಣೆಯಿಂದ ಈಚೆಗೆ ಅದು ಒಳಬಂದಿತು ಎಂಬುದು. ಅಂದರೆ ಇದು ಕೇವಲ ಅಭಿರುಚಿಯ ಪ್ರಶ್ನೆ ಎಂದು ಭಾವಿಸಿದಂತಾಯಿತು.

ಈ ಅಭಿಪ್ರಾಯವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ವಸ್ತುವನ್ನು ಬೇಡವೆಂದು ಬಿಟ್ಟರು ಎನ್ನಬೇಕಾದರೆ ಅದು ಅವರ ಕೈಗೆ ಎಟುಕುವಂತಿತ್ತೆಂಬುದು ಮೊದಲು ಸಿದ್ಧವಾಗಬೇಕು. ತಣ್ಣನೆಯ ಕಾಫಿಗೆ ಬೇಕಾದ ಸಾಮಗ್ರಿಗಳು ಎರಡು: ಕಾಫಿ ಮತ್ತು ಶೈತ್ಯ. ಕಾಫಿಯ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಶೈತ್ಯಕ್ಕೂ ಒಂದು ಚರಿತ್ರೆಯುಂಟೆಂಬುದು, ಅದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಒಡೆಯರಿದ್ದರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅದು ಮೊದಲು ಅರಸನದು, ಬಳಿಕ ವರ್ತಕನದು, ಆಮೇಲೆ ಕಾರ್ಖಾನೆಯದು, ಕಟ್ಟಕಡೆಗೆ ಮನೆಯದು. ಈ ನಾಲ್ಕನೆಯ ಹಂತಕ್ಕೆ ಬರುವವರೆಗೆ ಮನೆಯಲ್ಲಿ ತಣ್ಣನೆಯ ಕಾಫಿಯನ್ನು ಮಾಡುವ ಮಾತೇ ಏಳುವಂತಿರಲಿಲ್ಲ.

ಅಡಿಗೆಮನೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳ ಕೊರತೆ ಬಹಳ. ಗೃಹಿಣಿಯರು ಶಾಸನಗಳನ್ನು ಬರೆಯಿಸಲಿಲ್ಲ. ಆದರೆ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೇರಿದರು, ಕೊಂಡರು, ಮಾರಿದರು, ಅದಕ್ಕಾಗಿ ಕಟ್ಟಡಗಳನ್ನು ಕಟ್ಟಿದರು; ಆದುದರಿಂದ ಅದರ ಜಾಡು ಉಳಿದಿದೆ. ಆ ಜಾಡನ್ನು ಹಿಡಿದು ಹೊರಟರೆ ಅಡಿಗೆಮನೆಯ ಬಾಗಿಲನ್ನು ಮುಟ್ಟಬಹುದು.

೨

ಕಾಫಿಯ ಕಥೆ ಓದುಗರಿಗೆ ಪರಿಚಿತವಾದುದರಿಂದ ಇಲ್ಲಿ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೫ನೆಯ ಶತಮಾನದಲ್ಲಿ ಯೆಮೆನ್ ದೇಶದ ಸೂಫಿ ಸಾಧಕರು ರಾತ್ರಿಯ ಜಾಗರಣೆಗೆ ನೆರವಾಗಲೆಂದು ಕಾಫಿಯನ್ನು ಕುಡಿಯುತ್ತಿದ್ದರು. ಅಲ್ಲಿಂದ ಅದು ಮೆಕ್ಕಾ, ಕೈರೋ, ಇಸ್ತಾಂಬುಲ್ ನಗರಗಳಿಗೆ ಹರಡಿತು. ಬಾಬಾ ಬುಡನ್ ಎಂಬ ಸಂತರು ೧೭ನೆಯ ಶತಮಾನದಲ್ಲಿ ಏಳು ಬೀಜಗಳನ್ನು ಅರೇಬಿಯದಿಂದ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮಲ್ಲಿ ಪ್ರಸಿದ್ಧವಾಗಿದೆ. ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಚಿಕ್ಕಮಗಳೂರಿನ ಬಳಿ ತೋಟವನ್ನು ಮಾಡಿದ ಮೇಲೆ ಐರೋಪ್ಯರ ತೋಟಗಾರಿಕೆ ಬೆಳೆಯಿತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬುವನು ೧೮೯೪ರಲ್ಲಿ ಪ್ರಕಟಿಸಿದ ಗ್ರಂಥ ಈ ಕಾಲದ ಜೀವನವನ್ನು ತಿಳಿಯಲು ಉಪಯುಕ್ತವಾದ ಆಧಾರ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಲೆನಾಡು ಬೆಳೆದ ಕಾಫಿಯಲ್ಲಿ ಬಹುಪಾಲು ಬಹುಕಾಲದವರೆಗೆ ಹೊರನಾಡಿಗೆ ಹೋಗುತ್ತಿತ್ತು. ಬಯಲುಸೀಮೆಯ ಮನೆಗಳಲ್ಲಿ ಬೆಳಗಿನ ಹೊತ್ತಿಗೆ ತಂಗಳು, ಗಂಜಿ, ಅಂಬಲಿ, ಮಜ್ಜಿಗೆಗಳಿದ್ದುವು. ಕಾಫಿ ಅವುಗಳ ಸ್ಥಾನವನ್ನು ಆಕ್ರಮಿಸಿದ್ದು ೧೯ನೆಯ ಶತಮಾನದ ಕೊನೆಯಿಂದ ಈಚೆಗೆ. ಅದೂ ಮೊದಲು ಪಟ್ಟಣಗಳ ಮಧ್ಯಮವರ್ಗದಲ್ಲಿ. ತಮಿಳುನಾಡಿನಲ್ಲಿ ಈ ಬದಲಾವಣೆ ಎಬ್ಬಿಸಿದ ವಾದವಿವಾದಗಳನ್ನು ಎ. ಆರ್. ವೆಂಕಟಾಚಲಪತಿಯವರು ೨೦೦೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ಕುಸಿದಾಗ, ೧೯೩೫ರ ಕಾನೂನಿನಂತೆ ಸುಂಕ ವಿಧಿಸಿ, ಆ ಹಣದಿಂದ ದೇಶದೊಳಗೆ ಕಾಫಿಯ ಬಳಕೆಯನ್ನು ಹೆಚ್ಚಿಸಲು ಸಮಿತಿಯೊಂದು ಏರ್ಪಟ್ಟಿತು. ಇಂಡಿಯಾ ಕಾಫಿ ಹೌಸುಗಳು ಹುಟ್ಟಿದ್ದು ಈ ಪ್ರಯತ್ನದ ಫಲವಾಗಿ. ೧೯೪೨ರ ಕಾನೂನು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಕಾಫಿ ಮಂಡಳಿಗೆ ಭದ್ರವಾದ ತಳಹದಿಯನ್ನು ಹಾಕಿತು.

ಹೀಗೆ ಕಾಫಿ ಮನೆಗೆ ಬಂದಾಗ ಅದರೊಡನೆ ಒಂದು ಉಪಕರಣವೂ ಬಂದಿತು. ಅದು ಒಂದರ ಮೇಲೊಂದು ಕುಳಿತುಕೊಳ್ಳುವ ಎರಡು ಪಾತ್ರೆಗಳ ಫಿಲ್ಟರ್. ಮೇಲಿನ ಪಾತ್ರೆಯ ತಳದ ಸಣ್ಣ ತೂತುಗಳ ಮೂಲಕ ಕುದಿನೀರು ಪುಡಿಯ ಸಾರವನ್ನು ಹೀರಿಕೊಂಡು ಹನಿಹನಿಯಾಗಿ ಇಳಿಯುತ್ತದೆ. ಇಳಿದದ್ದು ಕುಡಿಯುವ ಕಾಫಿಯಲ್ಲ. ಮೂರು ನಾಲ್ಕರಷ್ಟು ಹಾಲನ್ನು ತಾಳಬಲ್ಲ ಗಟ್ಟಿಯಾದ ಡಿಕಾಕ್ಷನ್. ಈ ಸಂಗತಿಗೆ ತಣ್ಣನೆಯ ಕಾಫಿಯ ಚರಿತ್ರೆಯಲ್ಲಿ ವಿಶೇಷವಾದ ಮಹತ್ತ್ವವಿದೆ. ಅದನ್ನು ಮುಂದೆ ವಿವೇಚಿಸುತ್ತೇನೆ.

೩

ಇನ್ನು ಶೈತ್ಯದ ಕಡೆಗೆ ತಿರುಗೋಣ. ಭಾರತದಲ್ಲಿ ನೀರನ್ನು ತಣಿಸುವ ಅತ್ಯಂತ ಪ್ರಾಚೀನವೂ ಸಾರ್ವತ್ರಿಕವೂ ಆದ ಸಾಧನ ಮಣ್ಣಿನ ಹೂಜಿ. ಅದು ಬಡವನಿಗೂ ದೊರೆಯುವ ಶೈತ್ಯ. ಆದರೆ ಅದಕ್ಕೊಂದು ಮಿತಿಯುಂಟು: ಜಿನುಗಿದ ನೀರು ಆವಿಯಾಗುವುದರಿಂದಲೇ ಅದು ತಣಿಯಬೇಕಾದ ಕಾರಣ, ಹವೆ ಎಷ್ಟು ಒಣಗಿರುವುದೋ ಅಷ್ಟು ಮಾತ್ರ ಅದು ತಣಿಯಬಲ್ಲುದು. ಇದಕ್ಕಿಂತ ಹೆಚ್ಚಿನ ಶೈತ್ಯವನ್ನು ಬಯಸಿದವನಿಗೆ ಅಧಿಕಾರ ಬೇಕಾಗಿತ್ತು.

ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಅರಮನೆಯ ಈ ವ್ಯವಸ್ಥೆಯನ್ನು ವರ್ಣಿಸಿದ್ದಾನೆ. ಐದು ಸೇರು ನೀರಿನಲ್ಲಿ ಎರಡೂವರೆ ಸೇರು ಪೆಟ್ಲುಪ್ಪನ್ನು ಹಾಕಿ, ಒಂದು ಸೇರು ಕುಡಿಯುವ ನೀರುಳ್ಳ ಬಾಯಿ ಮುಚ್ಚಿದ ಲೋಹದ ಹೂಜಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ತಿರುಗಿಸುತ್ತಿದ್ದರೆ ಒಳಗಿನ ನೀರು ತಣ್ಣಗಾಗುತ್ತಿತ್ತು. ಉಪ್ಪು ಕರಗುವಾಗ ಸುತ್ತಲಿನ ಉಷ್ಣವನ್ನು ಹೀರುವುದೇ ಇದಕ್ಕೆ ಕಾರಣ. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ಅರಸನ ಪಾನೀಯಕ್ಕೂ ಒದಗುತ್ತಿದ್ದುದು ಸ್ವಾರಸ್ಯಕರವಾದ ಸಂಗತಿ. ೧೫೮೬ರ ಸುಮಾರಿಗೆ ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮವನ್ನು ದೋಣಿಗಳ ಮೂಲಕವೂ ನೆಲದ ಮಾರ್ಗದಿಂದಲೂ ಲಾಹೋರಿಗೆ ತರಿಸುವ ಏರ್ಪಾಡಾಯಿತು. ಬೇಸಗೆಯಲ್ಲಿ ಎಲ್ಲ ವರ್ಗದವರೂ ಹಿಮವನ್ನು ಬಳಸುತ್ತಿದ್ದರೆಂದೂ, ವರ್ಷವೆಲ್ಲ ಬಳಸುತ್ತಿದ್ದವರು ಶ್ರೀಮಂತ ಸರದಾರರೆಂದೂ ಅವನು ಹೇಳಿದ್ದಾನೆ. ಶೈತ್ಯದ ಒಡೆತನದಲ್ಲಿದ್ದ ಮೇಲುಕೀಳುಗಳನ್ನು ಈ ಒಂದು ಮಾತು ಸ್ಪಷ್ಟಪಡಿಸುತ್ತದೆ.

ಗಂಗೆಯ ಬಯಲಿನಲ್ಲಿ ಮಂಜುಗಡ್ಡೆಯನ್ನು ತಯಾರಿಸುವ ಬೇರೊಂದು ದೇಶೀಯ ಪದ್ಧತಿಯಿತ್ತು. ಸರ್ ರಾಬರ್ಟ್ ಬಾರ್ಕರ್ ಎಂಬ ಸೈನ್ಯಾಧಿಕಾರಿ ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ವಿವರಿಸಿದನು. ಬಯಲಿನಲ್ಲಿ ಸುಮಾರು ೩೦ ಅಡಿ ಚೌಕದ, ೨ ಅಡಿ ಆಳದ ಗುಂಡಿಗಳನ್ನು ತೋಡಿ, ತಳದಲ್ಲಿ ಕಬ್ಬಿನ ಅಥವಾ ಮೆಕ್ಕೆಜೋಳದ ಒಣದಂಟುಗಳನ್ನು ಒತ್ತಾಗಿ ಹರಡಿ, ಅದರ ಮೇಲೆ ಆಳವಿಲ್ಲದ ಚಿಕ್ಕ ಚಿಕ್ಕ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಮುಸ್ಸಂಜೆಯಲ್ಲಿ ಕಾಯಿಸಿ ಆರಿಸಿದ ನೀರನ್ನು ಅವುಗಳಲ್ಲಿ ತುಂಬಿ, ಸೂರ್ಯೋದಯಕ್ಕೆ ಮೊದಲು ಹೆಪ್ಪುಗಟ್ಟಿದುದನ್ನು ಕಲೆಹಾಕಿ ನೆಲಮಾಳಿಗೆಯಂಥ ಹಳ್ಳದಲ್ಲಿ ಒತ್ತಿ ತುಂಬುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ನಿರ್ಮಲವಾದ ಇರುಳುಗಳಲ್ಲಿ ಮಾತ್ರ ಇದು ಸಾಧ್ಯವಾಗುತ್ತಿತ್ತು. ನೀರು ತನ್ನ ಉಷ್ಣವನ್ನು ತೆರೆದ ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆಂಬ ತತ್ತ್ವ ಇದರಲ್ಲಡಗಿದೆ. ೧೮೧೪ರಲ್ಲಿ ವಿಲಿಯಂ ವೆಲ್ಸ್ ಇಬ್ಬನಿಯನ್ನು ಕುರಿತು ಬರೆದ ಪ್ರಬಂಧದಿಂದ ಈ ತತ್ತ್ವ ಶಾಸ್ತ್ರೀಯವಾಗಿ ತಿಳಿದುಬಂದಿತು. ಕುಶಲಿಗಳಾದ ಅನಾಮಧೇಯ ಕೆಲಸಗಾರರು ಅದಕ್ಕೆ ಮೊದಲೇ ಅದನ್ನು ಅನುಭವದಿಂದ ಅರಿತಿದ್ದರು.

ಆದರೆ ದಕ್ಷಿಣದ ಬಯಲು ಸೀಮೆಗೆ ಈ ಪದ್ಧತಿಯಿಂದ ಪ್ರಯೋಜನವಾಗುವಂತಿರಲಿಲ್ಲ. ಇಲ್ಲಿಯ ಇರುಳು ಅಷ್ಟೊಂದು ಚಳಿಯಾಗುವುದಿಲ್ಲ. ಎತ್ತರದ ಪ್ರದೇಶದಲ್ಲಿರುವ ಬೆಂಗಳೂರಿನಲ್ಲಿಯೇ ಇದುವರೆಗೆ ದಾಖಲಾಗಿರುವ ಕನಿಷ್ಠ ಉಷ್ಣತೆ ೭.೮ ಡಿಗ್ರಿ, ಅದು ೧೮೮೪ರ ಜನವರಿಯದು. ಮದರಾಸಿನ ಮಾತನ್ನಂತೂ ಹೇಳಬೇಕಾಗಿಲ್ಲ. ಬೆಟ್ಟದ ಹಿಮವೂ ಇಲ್ಲ, ಬಯಲಿನ ಮಂಜುಗಡ್ಡೆಯೂ ಇಲ್ಲ. ಕಾಫಿಯನ್ನು ಬೆಳೆಯುವ ನಾಡಿನಲ್ಲಿ ಶೈತ್ಯ ಹುಟ್ಟುವುದಿಲ್ಲ, ಶೈತ್ಯ ಹುಟ್ಟುವ ನಾಡಿನಲ್ಲಿ ಕಾಫಿ ಬೆಳೆಯುವುದಿಲ್ಲ. ಇವೆರಡನ್ನೂ ಒಂದುಗೂಡಿಸಲು ಸಮುದ್ರವನ್ನು ದಾಟಬೇಕಾಗಿತ್ತು.

೪

ಆ ಕೆಲಸವನ್ನು ಮಾಡಿದವನು ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ನೀರನ್ನು ಕತ್ತರಿಸಿ ಉಷ್ಣದೇಶಗಳಿಗೆ ಮಾರಬಹುದೆಂದು ಯೋಚಿಸಿ ಅವನು ೧೮೦೬ರಲ್ಲಿ ಮೊದಲ ಹಡಗನ್ನು ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಕಳುಹಿಸಿದಾಗ ಜನ ನಕ್ಕರು. ಅವನಿಗೆ ನಷ್ಟವೂ ಆಯಿತು. ಆದರೆ ಮರದ ಹೊಟ್ಟಿನ ನಡುವೆ ಒತ್ತಾಗಿ ಜೋಡಿಸಿದರೆ ಮಂಜುಗಡ್ಡೆ ಬೇಗ ಕರಗದೆಂಬುದನ್ನು ಅವನು ಅನುಭವದಿಂದ ಕಂಡುಕೊಂಡನು. ಕುದುರೆ ಎಳೆಯುವ ನೇಗಿಲಿನಂಥ ಸಾಧನದಿಂದ ಮಂಜುಗಡ್ಡೆಯನ್ನು ಸಮಚೌಕವಾಗಿ ಕತ್ತರಿಸುವ ವಿಧಾನವನ್ನು ಅವನ ಸಹಾಯಕ ನಥೇನಿಯಲ್ ವಯತ್ ೧೮೨೫ರ ಸುಮಾರಿಗೆ ರೂಪಿಸಿದ ಮೇಲೆ ಖರ್ಚು ತಗ್ಗಿತು. ೧೮೩೩ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು ೧೮೦ ಟನ್ ಮಂಜುಗಡ್ಡೆಯನ್ನು ಹೊತ್ತು ಬಾಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಬಳಿಕ ಕಲಕತ್ತೆಯನ್ನು ಸೇರಿತು. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಬಂದರೂ ಅದರಲ್ಲಿ ಸುಮಾರು ೧೦೦ ಟನ್ ಉಳಿದಿತ್ತು. ಗವರ್ನರ್ ಜನರಲ್ ಆಗಿದ್ದ ಬೆಂಟಿಂಕನು ಟ್ಯೂಡರನ ಪ್ರತಿನಿಧಿಗೆ ಬೆಳ್ಳಿಯ ಬಟ್ಟಲನ್ನು ಬಹುಮಾನವಾಗಿ ಕೊಟ್ಟನು. ಕಲಕತ್ತೆಯ ಐರೋಪ್ಯರು ಚಂದಾ ಎತ್ತಿ ಮಂಜುಗಡ್ಡೆಯ ಉಗ್ರಾಣವನ್ನು ಕಟ್ಟಿಸಿದರು.

ಮುಂಬಯಿ ಮದರಾಸುಗಳಲ್ಲಿಯೂ ಇಂಥ ಉಗ್ರಾಣಗಳಾದುವು. ೧೮೪೨ರ ಸುಮಾರಿನಲ್ಲಿ ಮದರಾಸಿನ ಕಡಲ ಕರೆಯಲ್ಲಿ ಎದ್ದ ವೃತ್ತಾಕಾರದ ಕಟ್ಟಡ ಇಂದೂ ನಿಂತಿದೆ. ವ್ಯಾಪಾರ ನಿಂತ ಮೇಲೆ ಅದು ಬಿಳಿಗಿರಿ ಅಯ್ಯಂಗಾರ್ಯರ ಸ್ವತ್ತಾಯಿತು. ೧೮೯೭ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದ ಕಾರಣ ಈಗ ಅದಕ್ಕೆ ಅವರ ಹೆಸರೇ ಇದೆ. ಥೋರೋ ತನ್ನ ಕೃತಿಯಿಂದ ಪ್ರಸಿದ್ಧಗೊಳಿಸಿದ ವಾಲ್ಡೆನ್ ಕೊಳದಲ್ಲಿಯೂ ೧೮೪೬–೪೭ರ ಚಳಿಗಾಲದಲ್ಲಿ ಟ್ಯೂಡರನ ಆಳುಗಳು ಮಂಜುಗಡ್ಡೆಯನ್ನು ಕತ್ತರಿಸಿದ್ದರು. ಭಾರತದ ಬಂದರುಗಳ ನಿವಾಸಿಗಳು ತನ್ನ ಕೊಳದ ನೀರನ್ನು ಕುಡಿಯುವ ವೈಚಿತ್ರ್ಯವನ್ನು ಅವನು ೧೮೫೪ರ ಆ ಕೃತಿಯಲ್ಲಿ ಸ್ಮರಿಸಿದ್ದಾನೆ.

ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಈಗ ಬರುತ್ತದೆ. ಇದೇ ದಶಕಗಳಲ್ಲಿ ಮೈಸೂರು ಕೊಡಗುಗಳ ಕಾಫಿ ಮಂಗಳೂರು, ತಲಚೇರಿ, ಮದರಾಸುಗಳ ಮೂಲಕ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಮೆರಿಕದ ಮಂಜುಗಡ್ಡೆ ಒಳಗೆ ಬರುತ್ತಿತ್ತು, ಕನ್ನಡ ನಾಡಿನ ಕಾಫಿ ಹೊರಗೆ ಹೋಗುತ್ತಿತ್ತು. ಎರಡೂ ಒಂದೇ ಕರಾವಳಿಯಲ್ಲಿ ಒಂದನ್ನೊಂದು ದಾಟಿ ಹೋದುವು. ಕನ್ನಡಿಗನ ಮನೆಯಲ್ಲಿ ಸಂಧಿಸಲಿಲ್ಲ. ಉಗ್ರಾಣಗಳಿದ್ದುದು ಮೂರು ಬಂದರುಗಳಲ್ಲಿ. ಗಿರಾಕಿಗಳು ಬಹುಮಟ್ಟಿಗೆ ಅಧಿಕಾರಿಗಳು, ವರ್ತಕರು, ಆಸ್ಪತ್ರೆಗಳು. ೧೮೬೪ರಲ್ಲಿ ಬೆಂಗಳೂರಿಗೆ ಮದರಾಸಿನಿಂದ ರೈಲುಮಾರ್ಗವೇನೋ ಆಯಿತು. ಆದರೆ ಹರದಾರಿ ಹರದಾರಿಗೂ ತೂಕ ತಗ್ಗುವ ಸರಕನ್ನು ಒಳನಾಡಿನ ಸಾಧಾರಣ ಸಂಸಾರಿಗಳು ಕೊಂಡು ಬಳಸುವಷ್ಟು ಅಗ್ಗವಾಗಿ ಸಾಗಿಸುವುದು ಯಾವ ವರ್ತಕನಿಗೂ ಲಾಭಕರವಾಗಿರಲಿಲ್ಲ.

೫

ಕಾಫಿಯೂ ಶೈತ್ಯವೂ ಮೊದಲು ಕೂಡಿದ್ದು ಎಲ್ಲಿ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಬೆಟ್ಟದ ಹಿಮವನ್ನು ನೆಲಮಾಳಿಗೆಯಲ್ಲಿ ಕೂಡಿಡುವ ವಾಡಿಕೆಯಿದ್ದ ದಕ್ಷಿಣ ಯೂರೋಪಿನವರು ಈ ವಿದ್ಯೆಯಲ್ಲಿ ಪ್ರವೀಣರು. ಸಿಸಿಲಿಯವನಾದ ಪ್ರೊಕೋಪಿಯೋ ೧೬೮೬ರಲ್ಲಿ ಪ್ಯಾರಿಸಿನಲ್ಲಿ ತೆರೆದ ಅಂಗಡಿಯಲ್ಲಿ ಕಾಫಿಯೂ ಹಿಮಪಾಕಗಳೂ ಒಂದೇ ಸೂರಿನಡಿಯಲ್ಲಿ ದೊರೆಯುತ್ತಿದ್ದುವು. ೧೭೬೮ರಲ್ಲಿ ಎಮಿ ಎಂಬ ಫ್ರೆಂಚ್ ಪಾಕಶಾಸ್ತ್ರಜ್ಞನು ಬರೆದ ಹಿಮಪಾಕಗಳ ಗ್ರಂಥದಲ್ಲಿ ಕಾಫಿಯಿಂದ ಮಾಡುವ ಬಗೆಗಳೂ ಸೇರಿವೆ. ಆದರೆ ಇವು ಚಮಚದಿಂದ ತಿನ್ನುವ ಭಕ್ಷ್ಯಗಳು, ಕುಡಿಯುವ ಕಾಫಿಯಲ್ಲ. ಸಿರಿವಂತರ ಮೇಜಿನವು, ಸಾಮಾನ್ಯರವಲ್ಲ.

ಕುಡಿಯುವ ತಣ್ಣನೆಯ ಕಾಫಿಗೆ ಹೆಸರು ತಂದದ್ದು ಅಲ್ಜೀರಿಯದ ಮಜಗ್ರಾನ್ ಎಂಬ ಊರು. ೧೮೪೦ರ ಫೆಬ್ರವರಿಯಲ್ಲಿ ಅಲ್ಲಿಯ ಕೋಟೆಯಲ್ಲಿದ್ದ ೧೨೩ ಮಂದಿ ಫ್ರೆಂಚ್ ಸೈನಿಕರನ್ನು ಅಮೀರ್ ಅಬ್ದುಲ್ ಕಾದಿರನ ದೊಡ್ಡ ಸೈನ್ಯ ಮುತ್ತಿತು, ಸೈನಿಕರು ತಡೆದುಕೊಂಡರು. ಹಾಲಾಗಲಿ ಬ್ರಾಂದಿಯಾಗಲಿ ದೊರೆಯದ ಆ ಸೈನಿಕರು ಕಾಫಿಯ ಗಟ್ಟಿ ಪಾಕಕ್ಕೆ ತಣ್ಣೀರನ್ನು ಬೆರಸಿ ಕುಡಿಯುತ್ತಿದ್ದರೆಂದೂ, ಅವರು ಹಿಂದಿರುಗಿದ ಮೇಲೆ ಪ್ಯಾರಿಸಿನಲ್ಲಿ ಉದ್ದನೆಯ ಗಾಜಿನ ಲೋಟದಲ್ಲಿ ಕೊಡುವ ಕಾಫಿಗೆ ಆ ಊರಿನ ಹೆಸರು ಬಂದಿತೆಂದೂ ಪ್ರತೀತಿ. ಈ ಕಥೆಯ ವಿವರಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಹೆಸರು ಉಳಿದಿದೆ. ಪೋರ್ಚುಗಲ್ಲಿನಲ್ಲಿ ನಿಂಬೆಯ ರಸ ಬೆರಸಿದ ತಣ್ಣನೆಯ ಕಾಫಿಯನ್ನು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಕಥೆ ಸೂಚಿಸುವ ಅಂಶವೊಂದು ಗಮನಾರ್ಹ. ಮಜಗ್ರಾನಿನ ಪಾನೀಯದಲ್ಲಿ ಮಂಜುಗಡ್ಡೆಯಿರಲಿಲ್ಲ. ಗಟ್ಟಿ ಪಾಕವೂ ತಣ್ಣೀರೂ ಇದ್ದುವು. ಗಟ್ಟಿ ಪಾಕ ನಮ್ಮ ಮನೆಯ ಫಿಲ್ಟರಿನಲ್ಲಿಯೂ ಇತ್ತು. ಅದನ್ನು ಆಸ್ವಾದಯೋಗ್ಯವಾಗುವಂತೆ ತಣಿಸುವ ಸಾಧನ ಮಾತ್ರ ಇರಲಿಲ್ಲ.

೬

ಮೂರನೆಯ ಹಂತ ಕಾರ್ಖಾನೆಯದು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯದ ಹ್ಯಾರಿಸನ್, ಫ್ರಾನ್ಸಿನ ಕಾರೆ, ಜರ್ಮನಿಯ ಲಿಂಡೆ ಮೊದಲಾದವರು ಯಂತ್ರದಿಂದ ಮಂಜುಗಡ್ಡೆಯನ್ನು ತಯಾರಿಸುವ ವಿಧಾನಗಳನ್ನು ಸಾಧಿಸಿದರು. ೧೮೭೪ರಲ್ಲಿ ಮದರಾಸಿನಲ್ಲಿ, ೧೮೭೮ರಲ್ಲಿ ಕಲಕತ್ತೆಯಲ್ಲಿ ಇಂಥ ಕಂಪನಿಗಳು ಸ್ಥಾಪಿತವಾದುವು. ಕೆಲವೇ ವರ್ಷಗಳಲ್ಲಿ ಬಾಸ್ಟನ್ನಿನ ಹಡಗುಗಳು ಬರುವುದು ನಿಂತಿತು. ಶೈತ್ಯ ಈಗ ದೂರದ ಕೆರೆಯನ್ನಾಗಲಿ ಋತುವನ್ನಾಗಲಿ ಅವಲಂಬಿಸಲಿಲ್ಲ. ಆದರೆ ಅದು ಇನ್ನೂ ಮನೆಯ ಹೊರಗೇ ಉಳಿಯಿತು. ಗೋಣಿತಟ್ಟಿನಲ್ಲಿ ಸುತ್ತಿ, ಮರದ ಹೊಟ್ಟಿನಲ್ಲಿ ಹುದುಗಿಸಿ ತರುವ ದೊಡ್ಡ ಗಡ್ಡೆ ಮದುವೆಯ ಮನೆಗೋ ಹೋಟೆಲಿಗೋ ಒಪ್ಪುವಂಥದು. ನಾಲ್ಕು ಲೋಟ ಕಾಫಿಗಾಗಿ ಅದನ್ನು ತರುವ ಗೃಹಸ್ಥನಿರಲಿಲ್ಲ. ಅದರ ನೀರಿನ ಶುದ್ಧಿಯ ಬಗೆಗೂ ಸಂಶಯವಿದ್ದಿತು. ನೀರನ್ನು ಕುದಿಸಿ ಮಾಡುವುದರಿಂದ ಕಾಫಿ ನಿರಪಾಯಕರವಾದ ಪಾನೀಯ. ಎಂಥ ನೀರಿನದೋ ತಿಳಿಯದ ಮಂಜುಗಡ್ಡೆಯನ್ನು ಅದಕ್ಕೆ ಹಾಕಿದರೆ ಆ ಗುಣವೇ ಹೋಗುತ್ತದೆ. ಹಿರಿಯರ ಹಿಂಜರಿಕೆಯಲ್ಲಿ ವಿವೇಕವೂ ಇತ್ತೆಂಬುದನ್ನು ಮರೆಯಬಾರದು.

ಈ ಅವಧಿಯಲ್ಲಿ ತಣ್ಣನೆಯ ಕಾಫಿ ಹೊರಗೆ ಕುಡಿಯುವ ಪಾನೀಯವಾಗಿ ಬೆಳೆಯಿತು. ಕಾಫಿ ಹೌಸುಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು; ಕಲಕತ್ತೆಯ ಕಾಲೇಜು ಬೀದಿಯ ಪ್ರಸಿದ್ಧ ಕಾಫಿ ಹೌಸಿನಲ್ಲಿ ಅದು ಈಗಲೂ ವಿದ್ಯಾರ್ಥಿಗಳ ಪ್ರೀತಿಯ ಪಾನೀಯ. ೧೯೫೭ರಲ್ಲಿ ಕಾಫಿ ಮಂಡಳಿ ಈ ಹೌಸುಗಳನ್ನು ಮುಚ್ಚಲು ಹೊರಟಾಗ, ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ನೌಕರರು ಸಹಕಾರ ಸಂಘಗಳನ್ನು ಸ್ಥಾಪಿಸಿ ಅವನ್ನು ಉಳಿಸಿಕೊಂಡರು. ಮೊದಲನೆಯ ಸಂಘ ಬೆಂಗಳೂರಿನಲ್ಲಿ ಆಯಿತು.

ನಾಲ್ಕನೆಯ ಹಂತಕ್ಕೆ ವಿದ್ಯುತ್ತು ಬೇಕಾಗಿತ್ತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಈ ವಿಷಯದಲ್ಲಿ ನಮ್ಮ ನಾಡು ಭಾರತಕ್ಕೇ ಮುಂದಾಳಾಗಿತ್ತು. ಆದರೆ ದೀಪವನ್ನು ಹೊತ್ತಿಸಿದ ವಿದ್ಯುತ್ತು ನೀರನ್ನು ಹೆಪ್ಪುಗಟ್ಟಿಸಲು ಬಹುಕಾಲ ಬೇಕಾಯಿತು. ಅಮೆರಿಕದಲ್ಲಿ ಮನೆಬಳಕೆಯ ರೆಫ್ರಿಜರೇಟರ್ ಜನಪ್ರಿಯವಾದದ್ದು ೧೯೨೭ರ ಈಚೆಗೆ. ಗೋದ್ರೆಜ್ ಕಂಪನಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಹಯೋಗದಿಂದ ಭಾರತದಲ್ಲಿ ಅದನ್ನು ತಯಾರಿಸಿದ್ದು ೧೯೫೮ರಲ್ಲಿ. ಬೆಂಗಳೂರಿನ ಬೀದಿದೀಪಕ್ಕೂ ಇದಕ್ಕೂ ನಡುವೆ ಅರ್ಧ ಶತಮಾನವೇ ಕಳೆಯಿತು. ಅನಂತರವೂ ಅನೇಕ ವರ್ಷ ಅದು ಅನುಕೂಲಸ್ಥರ ನಡುಮನೆಯ ಅಲಂಕಾರವಾಗಿತ್ತೇ ಹೊರತು ಅಡಿಗೆಮನೆಯ ಸಾಮಾನಾಗಿರಲಿಲ್ಲ. ಅದು ನಡುಮನೆಯಿಂದ ಅಡಿಗೆಮನೆಗೆ ಸರಿದುದೇ ನಮ್ಮ ಚರಿತ್ರೆಯ ನಿರ್ಣಾಯಕ ಘಟನೆ.

೭

ಮನೆಯಲ್ಲಿ ತಣ್ಣನೆಯ ಕಾಫಿಯನ್ನು ಮಾಡುವ ಬಗೆಗಳನ್ನು ಪರಿಶೀಲಿಸಿದರೆ ಮೇಲಿನ ವಾದಕ್ಕೆ ಮತ್ತಷ್ಟು ಬಲ ಬರುತ್ತದೆ. ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ಬಿಸಿನೀರಿನಲ್ಲಿ ಇಳಿಸಿದ ಡಿಕಾಕ್ಷನ್ನಿನದು. ಸಕ್ಕರೆ ತಣ್ಣನೆಯ ದ್ರವದಲ್ಲಿ ಬೇಗ ಕರಗದಾದುದರಿಂದ ಡಿಕಾಕ್ಷನ್ ಬಿಸಿಯಾಗಿರುವಾಗಲೇ ಅದನ್ನು ಕರಗಿಸಬೇಕು. ಹಾಲನ್ನು ಕಾಯಿಸಿ ಆರಿಸಿ ಕೆನೆಯನ್ನು ಸೋಸಿ ತೆಗೆಯಬೇಕು. ಬಿಸಿ ಕಾಫಿಯಲ್ಲಿ ಹಿತವಾಗುವ ಕೆನೆ ತಣ್ಣನೆಯದರಲ್ಲಿ ನಾಲಿಗೆಗೆ ಅಂಟುತ್ತದೆ. ಇನ್ನು ಮಂಜುಗಡ್ಡೆಯ ಲೆಕ್ಕ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು ೮೦ ಕ್ಯಾಲೊರಿ ಉಷ್ಣ ಬೇಕು. ಜೋಸೆಫ್ ಬ್ಲ್ಯಾಕ್ ೧೮ನೆಯ ಶತಮಾನದಲ್ಲಿ ಕಂಡುಹಿಡಿದ ಗುಪ್ತೋಷ್ಣವೆಂಬುದು ಇದೇ. ಆದುದರಿಂದ ೮೦ ಡಿಗ್ರಿ ಬಿಸಿಯಿರುವ ೧೦೦ ಗ್ರಾಂ ಡಿಕಾಕ್ಷನ್ನನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಸುರಿದು ಪೂರ್ತಿ ತಣಿಸಬೇಕಾದರೆ ೧೦೦ ಗ್ರಾಂ ಮಂಜುಗಡ್ಡೆ ಕರಗಿಹೋಗಬೇಕು. ಪಾನೀಯ ಎರಡರಷ್ಟಾಗಿ ನೀರಾಗುತ್ತದೆ. ಅದೇ ಡಿಕಾಕ್ಷನ್ನನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ೨೫ ಡಿಗ್ರಿಗೆ ಆರಿಸಿಕೊಂಡರೆ ಸುಮಾರು ೩೧ ಗ್ರಾಂ ಸಾಕು. ಮಂಜುಗಡ್ಡೆ ದುರ್ಲಭವಾಗಿದ್ದಾಗ ನೀರಿನಿಂದ ಆರಿಸಿ ಕಡೆಯಲ್ಲಿ ಮಾತ್ರ ಮಂಜುಗಡ್ಡೆಯನ್ನು ಹಾಕುವುದು ಮಿತವ್ಯಯದ ಮಾರ್ಗ. ಅದು ಮನೆಯಲ್ಲಿಯೇ ದೊರೆಯುವಾಗ ಬಿಸಿಯನ್ನು ನೇರವಾಗಿ ಸುರಿಯುವುದು ಸುಲಭದ ಮಾರ್ಗ. ಯಾವುದನ್ನು ಅನುಸರಿಸಿದರೂ ಕರಗಿದ ನೀರನ್ನು ತಾಳಿಕೊಳ್ಳುವಷ್ಟು ಗಟ್ಟಿಯಾದ ಪಾಕ ಬೇಕು. ಕುದಿಸಿದ ತೆಳು ಕಾಫಿಗೆ ಈ ಶಕ್ತಿಯಿಲ್ಲ; ಫಿಲ್ಟರಿನ ಡಿಕಾಕ್ಷನ್ನಿಗೆ ಇದೆ. ಹಾಲಿಗೆಂದು ನಮ್ಮವರು ಬಳಕೆಗೆ ತಂದುಕೊಂಡ ಉಪಕರಣ ಮಂಜುಗಡ್ಡೆಗೂ ತಕ್ಕುದಾಗಿಯೇ ಇತ್ತು. ಬೇರೆ ದೇಶದವರು ತಣ್ಣನೆಯ ಕಾಫಿಗೆಂದೇ ಪ್ರತ್ಯೇಕವಾಗಿ ಗಟ್ಟಿ ಪಾಕವನ್ನು ಇಳಿಸಬೇಕಾದರೆ, ನಮ್ಮ ಅಡಿಗೆಮನೆಯಲ್ಲಿ ಅದು ಪ್ರತಿದಿನ ಬೆಳಗ್ಗೆ ಸಿದ್ಧವಾಗುತ್ತಿತ್ತು.

ಎರಡನೆಯದು ಒಲೆಯೇ ಬೇಡದ ಬಗೆ. ದಪ್ಪವಾಗಿ ಬೀಸಿದ ಪು‍ಡಿಯನ್ನು ತಣ್ಣೀರಿನಲ್ಲಿ ಹನ್ನೆರಡು ಗಂಟೆಗಳಷ್ಟು ಕಾಲ ನೆನೆಯಿಟ್ಟು ಸೋಸುವುದು. ಇದರಲ್ಲಿ ಹುಳಿ ಒಗರುಗಳು ಕಡಮೆ. ಅಮೆರಿಕದ ಟಾಡ್ ಸಿಂಪ್ಸನ್ ಎಂಬ ರಾಸಾಯನಿಕ ಎಂಜಿನಿಯರ್ ೧೯೬೪ರಲ್ಲಿ ಇದಕ್ಕಾಗಿ ಮನೆಬಳಕೆಯ ಸಾಧನವನ್ನು ರೂಪಿಸಿದರು.

ಮೂರನೆಯದು ಕರಗುವ ಪುಡಿಯದು. ೧೯೩೮ರಲ್ಲಿ ನೆಸ್ಲೆ ಕಂಪನಿ ತನ್ನ ಪುಡಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಹರಡಿತು. ೧೯೫೭ರಲ್ಲಿ ಗ್ರೀಸಿನ ಥೆಸಲೋನಿಕಿಯ ವಸ್ತುಪ್ರದರ್ಶನದಲ್ಲಿ ಬಿಸಿನೀರು ಸಿಕ್ಕದೆ ಹೋದ ವಾಕೊಂಡಿಯೋಸ್ ಎಂಬ ನೌಕರನೊಬ್ಬನು, ಮಕ್ಕಳ ಚಾಕಲೇಟು ಪಾನೀಯವನ್ನು ಕುಲುಕುವ ಪಾತ್ರೆಯಲ್ಲಿ ಪುಡಿಯನ್ನೂ ತಣ್ಣೀರನ್ನೂ ಹಾಕಿ ಕುಲುಕಿದನು. ಎದ್ದ ನೊರೆಯಿಂದ ಗ್ರೀಕರ ರಾಷ್ಟ್ರೀಯ ಪಾನೀಯವೇ ಆದ ‘ಫ್ರಾಪೆ’ ಹುಟ್ಟಿತು. ಉತ್ತರ ಭಾರತದ ಮನೆಗಳಲ್ಲಿ ಇದೇ ಬಗೆಯ ಪುಡಿ, ಹಾಲು, ಸಕ್ಕರೆ, ಮಂಜುಗಡ್ಡೆಗಳನ್ನು ಮಿಕ್ಸಿಯಲ್ಲಿ ಕಡೆದು ಮಾಡುವ ‘ಕೋಲ್ಡ್ ಕಾಫಿ’ ಬಳಕೆಗೆ ಬಂದಿತು. ಫಿಲ್ಟರಿನ ಸಂಪ್ರದಾಯವಿಲ್ಲದ ಸೀಮೆಗಳಲ್ಲಿ ಈ ಪಾನೀಯ ನಮಗಿಂತ ಸುಲಭವಾಗಿ ನೆಲೆಗೊಂಡಿತೆಂಬುದು ವಿಚಾರಾರ್ಹ.

೮

ಈಗ ಅಭಿರುಚಿಯ ವಾದವನ್ನು ಪರಿಶೀಲಿಸಬಹುದು. ಅದು ಪೂರ್ಣವಾಗಿ ಸುಳ್ಳಲ್ಲ. ನಮ್ಮಲ್ಲಿ ‘ತಂಪು’ ಎಂಬುದು ಕೈಗೆ ತಾಗುವ ತಣುಪಿನ ಹೆಸರಲ್ಲ, ದೇಹದ ಮೇಲಾಗುವ ಪರಿಣಾಮದ ಹೆಸರು. ಬೆಚ್ಚಗಿರುವ ರಾಗಿಯ ಅಂಬಲಿ ತಂಪು. ಮಂಜುಗಡ್ಡೆಯಲ್ಲಿಟ್ಟರೂ ಕಾಫಿ ಉಷ್ಣ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಎಳನೀರು ಮೊದಲಾದ ತಂಪುಗಳ ಪಂಕ್ತಿಯಲ್ಲಿ ತಣ್ಣನೆಯ ಕಾಫಿಗೆ ಸಹಜವಾದ ಸ್ಥಾನವಿರಲಿಲ್ಲ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದ ನೊರೆ, ಮೇಲೇಳುವ ಹಬೆ, ಪರಿಮಳ ಇವೆಲ್ಲ ಬಿಸಿ ಕಾಫಿಯ ಅಂಗಗಳು. ಹಿರಿಯರ ನಿರಾಕರಣೆಗೆ ಇಂಥ ಕಾರಣಗಳಿವೆ.

ಆದರೆ ಇಷ್ಟರಿಂದಲೇ ಎಲ್ಲವೂ ವಿವರಿಸಲ್ಪಡುವುದಿಲ್ಲ. ತಣ್ಣನೆಯ ಪಾನೀಯಗಳನ್ನು ಪ್ರೀತಿಸುವ ಜನ ನಮ್ಮವರು. ಮಂಜುಗಡ್ಡೆ ಪೇಟೆಗೆ ಬಂದೊಡನೆ ಐಸ್‌ಕ್ಯಾಂಡಿಯನ್ನೂ ಐಸ್‌ಕ್ರೀಮನ್ನೂ ಸಂತೋಷದಿಂದ ಒಪ್ಪಿಕೊಂಡರು. ಕಾಫಿಯಾದರೂ ಒಂದು ಕಾಲಕ್ಕೆ ಹೊರಗಿನದೇ. ಅಂಬಲಿಯ ತಂಪನ್ನು ಬಿಟ್ಟು ಅದರ ಉಷ್ಣವನ್ನು ಒಪ್ಪಿಕೊಂಡ ಮನೆಗಳು, ಅದನ್ನು ಮಂಜುಗಡ್ಡೆಯಲ್ಲಿ ಕುಡಿಯಲು ಮಾತ್ರ ಶಾಸ್ತ್ರವನ್ನು ಅಡ್ಡ ತಂದುವೆಂಬುದು ಸಂಭಾವ್ಯವಲ್ಲ. ಕಾಫಿ ಮನೆಗೆ ಬಂದು ಎರಡು ಮೂರು ತಲೆಮಾರುಗಳು ಕಳೆದ ಬಳಿಕ ಶೈತ್ಯ ಮನೆಗೆ ಬಂದಿತು. ಅಷ್ಟರಲ್ಲಿ ಬಿಸಿಯೆಂಬುದೇ ಕಾಫಿಯ ಸ್ವಭಾವವೆಂಬ ಭಾವನೆ ಬೇರೂರಿತ್ತು. ಅಭಾವದಿಂದ ಹುಟ್ಟಿದ ಅಭ್ಯಾಸ ಕಾಲಕ್ರಮದಲ್ಲಿ ಅಭಿರುಚಿಯೆನಿಸಿತು. ಅಭಿರುಚಿ ಇಲ್ಲಿ ಕಾರಣವಲ್ಲ, ಬಹುಮಟ್ಟಿಗೆ ಪರಿಣಾಮ.

ಶೈತ್ಯದ ಒಡೆತನದ ಕಥೆ ಮುಗಿಯಿತೆಂದೂ ತಿಳಿಯಬಾರದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ರೆಫ್ರಿಜರೇಟರ್ ಇದ್ದ ಮನೆಗಳು ಹತ್ತಕ್ಕೆ ಸುಮಾರು ನಾಲ್ಕು ಮಾತ್ರ. ಅಬುಲ್ ಫಜಲನು ಗುರುತಿಸಿದ ಭೇದ ಬೇರೆ ರೂಪದಲ್ಲಿ ಇನ್ನೂ ಉಳಿದಿದೆ. ಯಾವುದೊಂದು ಆಹಾರವನ್ನು ಕುರಿತೂ ‘ಆ ಜನಕ್ಕೆ ಅದು ಒಗ್ಗುವುದಿಲ್ಲ’ ಎಂದು ತೀರ್ಮಾನಿಸುವ ಮುನ್ನ ಅದು ಅವರಿಗೆ ದೊರೆಯುತ್ತಿತ್ತೇ ಎಂದು ಕೇಳುವುದು ಚರಿತ್ರಕಾರನ ಕರ್ತವ್ಯ.

ಕಡೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಶೈತ್ಯ ತಮ್ಮ ಮನೆಗೆ ಬಂದ ವರ್ಷವನ್ನೂ, ಅದಕ್ಕೆ ಮೊದಲು ಬೇಸಗೆಯಲ್ಲಿ ಹಾಲು ಮೊಸರುಗಳನ್ನು ಕಾಪಾಡುತ್ತಿದ್ದ ಬಗೆಯನ್ನೂ, ಮೊದಲ ಸಲ ಮಾಡಿದ ತಣ್ಣನೆಯ ಕಾಫಿಯನ್ನು ಯಾರು ಕುಡಿದರು ಯಾರು ಬಿಟ್ಟರೆಂಬುದನ್ನೂ ನೆನಪಿಟ್ಟುಕೊಂಡಿರುವ ಅಜ್ಜಿಯರು, ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಹಳೆಯ ಮನೆವಾರ್ತೆಯ ಲೆಕ್ಕದ ಪುಸ್ತಕಗಳೂ ಅಟ್ಟದ ಮೇಲೆ ಉಳಿದಿರಬಹುದು. ಯಾವ ಪತ್ರಾಗಾರದಲ್ಲಿಯೂ ಈ ಸಾಮಗ್ರಿ ದೊರೆಯದು. ಅದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳದಿದ್ದರೆ, ಮಂಜುಗಡ್ಡೆಯಂತೆಯೇ ಅದೂ ನಮ್ಮ ಕಣ್ಣೆದುರಿಗೇ ಕರಗಿಹೋಗುತ್ತದೆ.